ಸೂರ್ಯನ ದೂರವನ್ನು ಅಳೆದವರು

೧೭೬೧ನೆಯ ಇಸವಿ ಜೂನ್ ೬. ಯೂರೋಪಿನ ದೊಡ್ಡ ರಾಜ್ಯಗಳು ಒಂದರ ಮೇಲೊಂದು ಕತ್ತಿ ಹಿರಿದು ಆಗಲೇ ಐದು ವರ್ಷವಾಗಿತ್ತು. ಏಳು ವರ್ಷಗಳ ಯುದ್ಧವೆಂದು ಚರಿತ್ರೆಯಲ್ಲಿ ಹೆಸರಾದ ಆ ಕಾಳಗ ಜರ್ಮನ್ ನಾಡಿನ ಬಯಲುಗಳಲ್ಲಿ ನಡೆದಂತೆಯೇ ಕೆನಡದ ಕಾಡುಗಳಲ್ಲಿ, ಹಿಂದೂ ಮಹಾಸಾಗರದಲ್ಲಿ, ನಮ್ಮ ಕೋರಮಂಡಲ ತೀರದಲ್ಲಿಯೂ ನಡೆದಿತ್ತು. ಫ್ರೆಂಚರ ಹಡಗನ್ನು ಕಂಡರೆ ಇಂಗ್ಲಿಷರು, ಇಂಗ್ಲಿಷರ ಹಡಗನ್ನು ಕಂಡರೆ ಫ್ರೆಂಚರು ತೋಪು ಹಾರಿಸುತ್ತಿದ್ದ ಕಾಲ. ಅಂಥ ಕಾಲದಲ್ಲಿ, ಸೈಬೀರಿಯದಿಂದ ಗುಡ್‌ಹೋಪ್ ಭೂಶಿರದವರೆಗೆ ೬೨ ಸ್ಥಳಗಳಲ್ಲಿ ಕಡಮೆಯೆಂದರೂ ೧೨೦ ಮಂದಿ ಅಂದು ದುರ್ಬೀನಿಗೆ ಕಣ್ಣು ಹಚ್ಚಿ, ಗಡಿಯಾರಕ್ಕೆ ಕಿವಿಗೊಟ್ಟು, ಒಂದು ಕರಿಯ ಚುಕ್ಕೆಯನ್ನು ನೋಡಿದರು. ಅವರಲ್ಲಿ ಇಂಗ್ಲಿಷರಿದ್ದರು, ಫ್ರೆಂಚರಿದ್ದರು, ಸ್ವೀಡನ್ನಿನವರಿದ್ದರು, ರಷ್ಯದವರಿದ್ದರು. ತಮ್ಮ ತಮ್ಮ ದೊರೆಗಳು ಬಡಿದಾಡುತ್ತಿದ್ದಾಗ ಇವರೆಲ್ಲ ಒಂದೇ ಲೆಕ್ಕದ ಬೇರೆ ಬೇರೆ ಸಾಲುಗಳನ್ನು ಬರೆಯುತ್ತಿದ್ದರು.

ಆ ಚುಕ್ಕೆ ಶುಕ್ರಗ್ರಹ. ಸೂರ್ಯನಿಗೂ ಭೂಮಿಗೂ ಸರಿಯಾಗಿ ನಡುವೆ ಬಂದಾಗ ಶುಕ್ರ ಸೂರ್ಯಬಿಂಬದ ಮೇಲೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಣ್ಣ ಬೊಟ್ಟಿನಂತೆ ಹಾದುಹೋಗುತ್ತದೆ. ಬಿಂಬದ ಅಗಲದಲ್ಲಿ ಆ ಬೊಟ್ಟಿನ ಪಾಲು ಮೂವತ್ತರಲ್ಲೊಂದಕ್ಕಿಂತ ತುಸು ಕಡಮೆ. ಇದಕ್ಕೆ ಶುಕ್ರ ಸಂಕ್ರಮಣವೆಂದು ಹೆಸರು. ನಾವು ಎಳ್ಳುಬೆಲ್ಲ ಹಂಚುವ ಸಂಕ್ರಮಣದಂತೆ ಇದು ವರ್ಷವರ್ಷವೂ ಬರುವುದಿಲ್ಲ. ಎಂಟು ವರ್ಷಗಳ ಅಂತರದಲ್ಲಿ ಎರಡು ಸಲ ಬಂದರೆ, ಮತ್ತೆ ಬರಲು ನೂರು ವರ್ಷಕ್ಕೂ ಮಿಕ್ಕಿ ಕಾಯಬೇಕು. ಒಂದು ತಲೆಮಾರಿನವರಿಗೆ ತಪ್ಪಿಹೋದರೆ ಅವರ ಮೊಮ್ಮಕ್ಕಳಿಗೂ ಸಿಕ್ಕದು.

ಈ ಬೊಟ್ಟಿಗಾಗಿ ಇಷ್ಟು ಪರದಾಟವೇಕೆ ಎಂದು ವಾಚಕರು ಕೇಳಬಹುದು. ಹದಿನೇಳನೆಯ ಶತಮಾನದ ಆದಿಯಲ್ಲಿ ಕೆಪ್ಲರ್ ಗ್ರಹಗಳ ಚಲನೆಯ ನಿಯಮಗಳನ್ನು ಕಂಡುಹಿಡಿದ ಮೇಲೆ, ಯಾವ ಗ್ರಹ ಸೂರ್ಯನಿಂದ ಎಷ್ಟು ಪಾಲು ದೂರದಲ್ಲಿದೆಯೆಂಬುದು ತಿಳಿದಿತ್ತು. ಭೂಮಿಯ ದೂರವನ್ನು ೧೦೦ ಎಂದಿಟ್ಟುಕೊಂಡರೆ ಶುಕ್ರನದು ೭೨. ಆದರೆ ಆ ನೂರು ಎಂಬುದು ಎಷ್ಟು ಮೈಲಿ? ಅದು ಯಾರಿಗೂ ತಿಳಿಯದು. ಊರಿನ ನಕ್ಷೆ ಕೈಯಲ್ಲಿದ್ದು, ಅಂಗುಲಕ್ಕೆ ಎಷ್ಟು ಮೈಲಿ ಎಂದು ಬರೆದಿದ್ದ ಮೂಲೆ ಮಾತ್ರ ಹರಿದುಹೋದಂತಾಗಿತ್ತು ಖಗೋಳಜ್ಞರ ಪಾಡು. ಒಂದೇ ಒಂದು ದೂರ ಮೈಲಿಯಲ್ಲಿ ಸಿಕ್ಕಿದರೆ ಸೌರಮಂಡಲದ ದೂರಗಳೆಲ್ಲ ಸಿಕ್ಕುತ್ತವೆ.

ಅದನ್ನು ಅಳೆಯುವ ಉಪಾಯವನ್ನು ಯಾರೂ ಮನೆಯಲ್ಲೇ ಪರೀಕ್ಷಿಸಬಹುದು. ಮೂಗಿನ ಮುಂದೆ ಬೆರಳು ಹಿಡಿದು, ಒಮ್ಮೆ ಎಡಗಣ್ಣು, ಒಮ್ಮೆ ಬಲಗಣ್ಣು ಮುಚ್ಚಿ ನೋಡಿದರೆ ಬೆರಳು ಎದುರುಗೋಡೆಯ ಮೇಲೆ ಅತ್ತಿತ್ತ ಜರುಗಿದಂತೆ ತೋರುತ್ತದೆ. ಕಣ್ಣುಗಳ ನಡುವಣ ಅಂತರ ತಿಳಿದಿದ್ದರೆ, ಆ ಜರುಗಿನಿಂದ ಬೆರಳಿನ ದೂರವನ್ನು ಗುಣಿಸಬಹುದು. ನಮ್ಮ ಸಿದ್ಧಾಂತಿಗಳು ಇದನ್ನೇ ಲಂಬನವೆಂದು ಕರೆದರು. ಶುಕ್ರನೇ ಬೆರಳು, ಸೂರ್ಯಬಿಂಬವೇ ಗೋಡೆ ಎಂದಾದರೆ, ಎರಡು ಕಣ್ಣುಗಳು ಭೂಮಿಯ ಎರಡು ಕೊನೆಗಳಲ್ಲಿರಬೇಕು. ಯಾವ ಒಬ್ಬ ಮನುಷ್ಯನಿಗೂ ಅಷ್ಟು ಅಗಲದ ಮುಖವಿಲ್ಲ. ಆ ಕಾಲದಲ್ಲಿ ಯಾವ ಒಂದು ರಾಜ್ಯಕ್ಕೂ ಇರಲಿಲ್ಲ. ಈ ಕೆಲಸ ಹಲವು ದೇಶಗಳು ಕೂಡಿಯೇ ಆಗಬೇಕಾದದ್ದು ಮೈತ್ರಿಯ ಆದರ್ಶದಿಂದಲ್ಲ, ಜ್ಯಾಮಿತಿಯ ಬಲವಂತದಿಂದ.

೧೬೩೯ರ ಚಳಿಗಾಲದಲ್ಲಿ ಇಂಗ್ಲೆಂಡಿನ ಜೆರೆಮಿಯಾ ಹೊರಾಕ್ಸ್ ಎಂಬ ತರುಣ ತಾನೇ ಲೆಕ್ಕ ಹಾಕಿ ಶುಕ್ರ ಸಂಕ್ರಮಣವನ್ನು ಕಂಡ. ಅವನೂ ಅವನ ಗೆಳೆಯ ವಿಲಿಯಂ ಕ್ರಾಬ್‌ಟ್ರೀಯೂ, ಇಬ್ಬರೇ, ಅಂದು ಅದನ್ನು ನೋಡಿದರೆಂದು ದಾಖಲೆಯಿದೆ. ಮುಂದಿನದು ಬರಬೇಕಾದದ್ದು ೧೭೬೧ರಲ್ಲಿ. ಧೂಮಕೇತುವಿಗೆ ತನ್ನ ಹೆಸರು ಕೊಟ್ಟ ಎಡ್ಮಂಡ್ ಹ್ಯಾಲಿ ೧೭೧೬ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಒಂದು ಲೇಖನ ಬರೆದ. ಸಂಕ್ರಮಣ ಎಷ್ಟು ಹೊತ್ತು ನಡೆಯಿತೆಂಬುದನ್ನು ಭೂಮಿಯ ಬೇರೆ ಬೇರೆ ಭಾಗಗಳಿಂದ ಗುರುತಿಸಿ ಹೋಲಿಸಿದರೆ ಸೂರ್ಯನ ದೂರ ಕೈಗೆ ಬರುವುದೆಂದು ಅದರಲ್ಲಿ ವಿವರಿಸಿದ. ಆಗ ಅವನಿಗೆ ಅರುವತ್ತು ಸಮೀಪಿಸಿತ್ತು. ತಾನು ಆ ದಿನವನ್ನು ಕಾಣಲಾರೆನೆಂದು ಬಲ್ಲ ಆತ, ಅದನ್ನು ಕಾಣಲಿರುವ ತರುಣರಿಗೆ ಕೆಲಸವನ್ನು ಒಪ್ಪಿಸಿದ. ೧೭೪೨ರಲ್ಲಿ ತೀರಿಕೊಂಡ.

ಒಪ್ಪಿಸಿದ ಕೆಲಸವನ್ನು ಎತ್ತಿಕೊಂಡವನು ಫ್ರಾನ್ಸಿನ ಜೋಸೆಫ್ ನಿಕೋಲಾ ದೆಲೀಲ್. ರಷ್ಯದ ರಾಜಧಾನಿಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ವೇಧಶಾಲೆ ನಡೆಸಿ ಬಂದಿದ್ದ ಈತನಿಗೆ ಯೂರೋಪಿನ ಖಗೋಳಜ್ಞರೆಲ್ಲರೊಡನೆ ಪತ್ರವ್ಯವಹಾರವಿತ್ತು. ಸಂಕ್ರಮಣದ ಆದಿ ಅಂತ್ಯ ಎರಡನ್ನೂ ನೋಡಬೇಕಾಗಿಲ್ಲ, ಒಂದನ್ನು ನೋಡಿದರೂ ಸಾಕು, ಆದರೆ ನೋಡಿದ ಜಾಗದ ರೇಖಾಂಶವೂ ಗಳಿಗೆಯೂ ಖಚಿತವಾಗಿರಬೇಕು ಎಂದು ತೋರಿಸಿದವನು ಇವನೇ. ೧೭೬೦ರಲ್ಲಿ ಭೂಪಟವೊಂದನ್ನು ಅಚ್ಚು ಹಾಕಿಸಿ, ಎಲ್ಲೆಲ್ಲಿ ಏನೇನು ಕಾಣುವುದೆಂದು ಗುರುತು ಮಾಡಿ, ದೇಶದೇಶಗಳ ವಿದ್ವಾಂಸರಿಗೆ ಹಂಚಿದ. ಯುದ್ಧದ ನಡುವೆಯೂ ಆ ಪಟ ಇಂಗ್ಲೆಂಡನ್ನು ಮುಟ್ಟಿತು.

ಕಾಗದದ ಮೇಲೆ ಸುಲಭವಾಗಿ ಕಂಡದ್ದು ಕಡಲಿನ ಮೇಲೆ ಸುಲಭವಾಗಲಿಲ್ಲ. ಇಂಗ್ಲಿಷರು ಚಾರ್ಲ್ಸ್ ಮೇಸನ್, ಜೆರೆಮಿಯಾ ಡಿಕ್ಸನ್ ಎಂಬಿಬ್ಬರನ್ನು ಸುಮಾತ್ರದ ಬೆಂಕೂಲನ್ನಿಗೆ ಕಳುಹಿಸಿದರು. ೧೭೬೧ರ ಜನವರಿಯಲ್ಲಿ ಅವರ ಹಡಗು ರೇವು ಬಿಟ್ಟ ಕೆಲವೇ ದಿನಗಳಲ್ಲಿ ಫ್ರೆಂಚ್ ಯುದ್ಧನೌಕೆಯೊಂದು ಮೇಲೆ ಬಿದ್ದಿತು. ೧೧ ಮಂದಿ ಸತ್ತರು, ೩೭ ಮಂದಿ ಗಾಯಗೊಂಡರು. ಹೆದರಿದ ಇಬ್ಬರೂ ತಮಗೆ ಈ ಯಾತ್ರೆ ಬೇಡವೆಂದು ಬರೆದರು. ಹಿಂದೆಗೆದರೆ ಕೋರ್ಟಿಗೆಳೆಯುವೆವೆಂದು ರಾಯಲ್ ಸೊಸೈಟಿಯಿಂದ ಉತ್ತರ ಬಂತು. ಹೊರಟರು; ಅಷ್ಟರಲ್ಲಿ ಬೆಂಕೂಲನ್ ಫ್ರೆಂಚರ ವಶವಾಗಿತ್ತು. ಡಚ್ಚರ ಕೇಪ್‌ಟೌನಿನಲ್ಲೇ ನಿಂತು, ಅಲ್ಲಿಂದಲೇ ಒಳ್ಳೆಯ ಗಣನೆಯೊಂದನ್ನು ತಂದರು.

ಫ್ರಾನ್ಸಿನ ಪಾದ್ರಿ ಪಿಂಗ್ರೇ ಹಿಂದೂ ಮಹಾಸಾಗರದ ರಾಡ್ರಿಗ್ಸ್ ದ್ವೀಪಕ್ಕೆ ಹೊರಟ. ಇವನ ಬಳಿ ಇಂಗ್ಲಿಷ್ ನೌಕಾಧಿಕಾರಿಗಳು ಕೊಟ್ಟ ರಹದಾರಿಯಿತ್ತು: ಈತ ವಿದ್ಯೆಗಾಗಿ ಹೋಗುತ್ತಿರುವವನು, ಇವನಿಗೆ ತೊಂದರೆ ಕೊಡಕೂಡದು ಎಂದು. ಶತ್ರುವೇ ಶತ್ರುವಿಗೆ ಕೊಟ್ಟ ಈ ಕಾಗದ ಆ ಕಾಲದ ದೊಡ್ಡ ಮಾತು. ಆದರೆ ಸಂಕ್ರಮಣ ಮುಗಿದ ಕೆಲವು ದಿನಗಳಲ್ಲಿ ದ್ವೀಪದ ಮೇಲೆ ಬಂದಿಳಿದ ಇಂಗ್ಲಿಷ್ ನಾವಿಕರು ಆ ರಹದಾರಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಪಿಂಗ್ರೇ ತಿಂಗಳುಗಟ್ಟಲೆ ಅಲ್ಲೇ ಸಿಕ್ಕಿಬಿದ್ದ. ಲಂಡನ್ನಿನಲ್ಲಿ ಹಾಕಿದ ಸಹಿಗೆ ನಡುಗಡಲಿನಲ್ಲಿ ಎಷ್ಟು ಬೆಲೆಯೆಂಬುದು ಅಂದೇ ಗೊತ್ತಾಯಿತು.

ಅವನ ದೇಶದವನೇ ಆದ ಶಾಪ್ ದೊತೆರೋಶ್ ಸೈಬೀರಿಯದ ಟೊಬೋಲ್ಸ್ಕಿಗೆ ಹೋದ. ಹಿಮ ಕರಗಿದರೆ ದಾರಿಯೇ ಇಲ್ಲವೆಂದು ಜಾರುಬಂಡಿಯಲ್ಲಿ ಅವಸರದಿಂದ ಸಾಗಿ ಏಪ್ರಿಲಿನಲ್ಲಿ ಊರು ಸೇರಿದ. ಆ ವರ್ಷ ಇರ್ತಿಷ್ ನದಿ ಉಕ್ಕಿ ಹರಿಯಿತು. ಪರದೇಶದಿಂದ ಬಂದು ಸೂರ್ಯನ ಕಡೆಗೆ ಯಂತ್ರ ತಿರುಗಿಸಿದ ಈ ಮನುಷ್ಯನೇ ಅದಕ್ಕೆ ಕಾರಣವೆಂದು ಜನ ರೊಚ್ಚಿಗೆದ್ದರು. ಕಾವಲುಗಾರರ ನಡುವೆ ಕೂತು ಆತ ತನ್ನ ಗಣನೆ ಮುಗಿಸಿದ.

ಎಲ್ಲರಿಗಿಂತ ಹತಭಾಗ್ಯನೆಂದರೆ ಗಿಯೋಮ್ ಲೆ ಜಾಂತಿ. ಅವನು ಹೊರಟದ್ದು ನಮ್ಮ ಪುದುಚೇರಿಗೆ, ೧೭೬೦ರ ಮಾರ್ಚಿಯಲ್ಲಿ. ಆ ವರ್ಷ ಇಂಗ್ಲಿಷರು ಪುದುಚೇರಿಯ ಮೇಲೆ ಏರಿಬರುತ್ತಿದ್ದರು. ಫ್ರೆಂಚರ ನೆರವಿಗೆ ಹೈದರಾಲಿ ಮಖ್ದೂಮ್ ಅಲಿಯ ಕೈಕೆಳಗೆ ಮೈಸೂರಿನ ದಂಡನ್ನು ಕಳುಹಿಸಿದ್ದ. ಶ್ರೀರಂಗಪಟ್ಟಣದಲ್ಲಿ ಖಂಡೇರಾಯ ತಿರುಗಿಬಿದ್ದದ್ದರಿಂದ ಆ ದಂಡು ಹಿಂದಿರುಗಬೇಕಾಯಿತು. ೧೭೬೧ರ ಜನವರಿಯಲ್ಲಿ ಪುದುಚೇರಿ ಬಿದ್ದಿತು. ಇದನ್ನರಿಯದೆ ಲೆ ಜಾಂತಿ ಮಾರಿಷಸ್ಸಿನಿಂದ ಹಡಗು ಹತ್ತಿ, ಮೇ ತಿಂಗಳಿನಲ್ಲಿ ಮಲಬಾರಿನ ಮಾಹೆಯ ಹತ್ತಿರ ಬಂದಾಗ ಸುದ್ದಿ ಕೇಳಿದ. ಹಡಗು ಹಿಂದಕ್ಕೆ ತಿರುಗಿತು. ಜೂನ್ ೬ರಂದು ನಿರ್ಮಲವಾದ ಆಕಾಶದಲ್ಲಿ ಸಂಕ್ರಮಣವನ್ನೇನೋ ಕಂಡ, ಆದರೆ ನಡುಗಡಲಿನಲ್ಲಿ, ತೂಗಾಡುವ ಹಡಗಿನ ಮೇಲೆ. ಲೋಲಕದ ಗಡಿಯಾರ ಅಲ್ಲಿ ನಡೆಯದು, ರೇಖಾಂಶ ಖಚಿತವಾಗದು. ಕಣ್ಣಾರೆ ಕಂಡದ್ದು ಲೆಕ್ಕಕ್ಕೆ ಬರಲಿಲ್ಲ. ಎಂಟು ವರ್ಷದ ಮೇಲೆ ಇನ್ನೊಂದು ಸಂಕ್ರಮಣವಿತ್ತಷ್ಟೆ. ಅದುವರೆಗೆ ಈ ಕಡಲಿನಲ್ಲೇ ಇರುವೆನೆಂದು ನಿಶ್ಚಯಿಸಿ ಉಳಿದುಬಿಟ್ಟ.

ಇಷ್ಟೆಲ್ಲ ಪಟ್ಟ ಪಾಡಿಗೆ ಬಂದ ಫಲ ನಿರಾಶೆಯದು. ಬೇರೆ ಬೇರೆಯವರು ಗುಣಿಸಿದ ಸೂರ್ಯನ ದೂರ ೭ ಕೋಟಿ ೭೦ ಲಕ್ಷ ಮೈಲಿಯಿಂದ ಹಿಡಿದು ೯ ಕೋಟಿ ೮೦ ಲಕ್ಷಕ್ಕೂ ಮೇಲೆ ಹೋಗುತ್ತಿತ್ತು. ಶುಕ್ರ ಸೂರ್ಯನ ಅಂಚನ್ನು ದಾಟಿ ಒಳಕ್ಕೆ ಬರುವ ಗಳಿಗೆಯಲ್ಲಿ, ಬೊಟ್ಟಿಗೂ ಅಂಚಿಗೂ ನಡುವೆ ಕರಿಯ ಹನಿಯೊಂದು ಅಂಟಿಕೊಂಡಂತೆ ಕಂಡು, ಒಂದೇ ಕಡೆ ಪಕ್ಕಪಕ್ಕದಲ್ಲಿ ನಿಂತವರೂ ಬೇರೆ ಬೇರೆ ಸೆಕೆಂಡು ಬರೆದುಕೊಂಡರು. ಜೊತೆಗೆ ದೂರದೇಶಗಳ ರೇಖಾಂಶ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಆದರೂ ಒಂದು ಒಳ್ಳೆಯ ಕೆಲಸವಾಯಿತು. ಹೊಂದಿಕೆಯಾಗದ ಅಂಕಿಗಳನ್ನೂ ಮುಚ್ಚಿಡದೆ ಅಚ್ಚು ಹಾಕಿಸಿದರು. ಆದ್ದರಿಂದಲೇ ಮುಂದಿನ ಸಲ ಎಲ್ಲಿ ಎಚ್ಚರ ಬೇಕೆಂಬುದು ತಿಳಿಯಿತು.

೧೭೬೩ರಲ್ಲಿ ಯುದ್ಧ ಮುಗಿಯಿತು. ೧೭೬೯ರ ಜೂನ್ ೩ರ ಸಂಕ್ರಮಣಕ್ಕೆ ೭೭ ಸ್ಥಳಗಳಲ್ಲಿ ೧೫೧ ಮಂದಿ ಸಿದ್ಧರಾದರು. ರಷ್ಯದ ರಾಣಿ ಎರಡನೆಯ ಕ್ಯಾಥರೀನ್ ತನ್ನ ಅಕಾಡೆಮಿಗೆ ಅಪ್ಪಣೆ ಕೊಟ್ಟು, ಪರದೇಶದ ವಿದ್ವಾಂಸರನ್ನೂ ಕರೆಸಿ, ತನ್ನ ರಾಜ್ಯದ ಉದ್ದಗಲಕ್ಕೂ ತಂಡಗಳನ್ನು ಹೂಡಿಸಿದಳು. ಡೆನ್ಮಾರ್ಕ್ ನಾರ್ವೆಗಳ ದೊರೆ ವಿಯೆನ್ನದ ಜೆಸ್ಯೂಟ್ ಪಾದ್ರಿ ಮ್ಯಾಕ್ಸಿಮಿಲಿಯನ್ ಹೆಲ್ ಎಂಬವನನ್ನು ಉತ್ತರಧ್ರುವದ ಸಮೀಪದ ವಾರ್ಡೊಗೆ ಕರೆಸಿಕೊಂಡ. ಪ್ರಾಟೆಸ್ಟೆಂಟ್ ದೊರೆ ಕ್ಯಾಥೊಲಿಕ್ ಪಾದ್ರಿಯನ್ನು ಬರಮಾಡಿಕೊಂಡದ್ದು ಆ ದಿನಗಳಲ್ಲಿ ಸಣ್ಣ ಸಂಗತಿಯಲ್ಲ. ಹೆಲ್ಲನ ಜೊತೆಗೆ ಹೋಗಿದ್ದ ಹಂಗೆರಿಯ ಸೈನೋವಿಚ್, ಅಲ್ಲಿನ ಲ್ಯಾಪ್ ಜನರ ನುಡಿಯನ್ನು ಕೇಳಿ, ಅದಕ್ಕೂ ತನ್ನ ಹಂಗೆರಿಯ ನುಡಿಗೂ ನಂಟುಂಟೆಂದು ಕಂಡುಕೊಂಡು ೧೭೭೦ರಲ್ಲಿ ಗ್ರಂಥವನ್ನೇ ಬರೆದ. ನಕ್ಷತ್ರ ನೋಡಲು ಹೋದವರಿಂದ ಭಾಷಾಶಾಸ್ತ್ರಕ್ಕೆ ಹೀಗೊಂದು ಲಾಭವಾಯಿತು.

ಶಾಪ್ ಈ ಸಲ ಸ್ಪೇನಿನ ಅಧಿಕಾರಿಗಳೊಡನೆ ಕ್ಯಾಲಿಫೋರ್ನಿಯದ ತುದಿಗೆ ಹೋದ. ಅಲ್ಲಿ ಸಾಂಕ್ರಾಮಿಕ ಜ್ವರ ಹಬ್ಬಿತ್ತು. ಜಾಗ ಬಿಟ್ಟು ಹೊರಟರೆ ಸಂಕ್ರಮಣ ತಪ್ಪಿಹೋಗುವುದೆಂದು ಅಲ್ಲಿಯೇ ಉಳಿದು, ಅದನ್ನು ಸೊಗಸಾಗಿ ಗುರುತಿಸಿ, ಆಗಸ್ಟ್ ೧ರಂದು ಆ ಜ್ವರಕ್ಕೇ ಬಲಿಯಾದ. ಬದುಕುಳಿದವರು ಅವನ ಕಾಗದಗಳನ್ನು ಪ್ಯಾರಿಸ್ಸಿಗೆ ಮುಟ್ಟಿಸಿದರು. ಶಾಂತಸಾಗರದ ತಹೀತಿ ದ್ವೀಪದಲ್ಲಿ ಇಂಗ್ಲಿಷ್ ನಾವಿಕ ಜೇಮ್ಸ್ ಕುಕ್ಕನೂ ಖಗೋಳಜ್ಞ ಚಾರ್ಲ್ಸ್ ಗ್ರೀನನೂ ಅದನ್ನು ನೋಡಿದರು. ಗ್ರೀನ್ ಹಿಂದಿರುಗುವ ದಾರಿಯಲ್ಲಿ ಕಡಲಿನ ಮೇಲೆಯೇ ತೀರಿಕೊಂಡ.

ಲೆ ಜಾಂತಿಯ ಕಥೆಯೇನಾಯಿತು? ಮನಿಲಾಗೆ ಹೋಗಿ, ಅಲ್ಲಿಯ ಗವರ್ನರನ ಸಂಶಯಕ್ಕೆ ಗುರಿಯಾಗಿ, ೧೭೬೮ರ ಮಾರ್ಚಿಯಲ್ಲಿ ಪುದುಚೇರಿಗೆ ಬಂದ. ಒಪ್ಪಂದದ ಪ್ರಕಾರ ಊರು ಮತ್ತೆ ಫ್ರೆಂಚರದಾಗಿತ್ತು. ಏಳು ವರ್ಷದ ಹಿಂದೆ ಆ ಊರನ್ನು ನೆಲಸಮ ಮಾಡಿದ್ದ ಇಂಗ್ಲಿಷರೇ ಈಗ ಮದರಾಸಿನಿಂದ ಅವನಿಗೆ ಒಳ್ಳೆಯ ದುರ್ಬೀನೊಂದನ್ನು ಕಳುಹಿಸಿಕೊಟ್ಟರು. ಒಂದು ತಿಂಗಳು ಬೆಳಗ್ಗೆ ಬೆಳಗ್ಗೆ ಆಕಾಶ ತಿಳಿಯಾಗಿತ್ತು. ಸಂಕ್ರಮಣದ ಕೊನೆ ಕಾಣಬೇಕಾದ ಜೂನ್ ೪ರ ಬೆಳಗ್ಗೆ ಮಾತ್ರ ಮೋಡ ಕವಿಯಿತು. ಶುಕ್ರ ದಾಟಿಹೋದ ಮೇಲೆ ಬಿಸಿಲು ಬಂತು. ೧೭೭೧ರ ಅಕ್ಟೋಬರಿನಲ್ಲಿ ಊರಿಗೆ ಹೋದಾಗ, ಸತ್ತನೆಂದು ತಿಳಿದ ನಂಟರು ಅವನ ಆಸ್ತಿಗೆ ಕೈಹಾಕಿದ್ದರು. ಅಕಾಡೆಮಿಯಲ್ಲಿ ಅವನ ಸ್ಥಾನ ಬೇರೊಬ್ಬನ ಪಾಲಾಗಿತ್ತು.

ಆದರೂ ಅವನು ಬರಿಗೈಯಲ್ಲಿ ಹೋದನೆನ್ನುವಂತಿಲ್ಲ. ಪುದುಚೇರಿಯಲ್ಲಿದ್ದಾಗ ತಮಿಳು ಜ್ಯೋತಿಷಿಗಳಿಂದ ಗ್ರಹಣ ಗುಣಿಸುವ ಬಗೆಯನ್ನು ಕಲಿತ. ಸೂತ್ರಗಳನ್ನು ಬಾಯಿಪಾಠದಿಂದ ಹೇಳುತ್ತ, ನೆಲದ ಮೇಲೆ ಕವಡೆ ಜೋಡಿಸುತ್ತ, ಒಂದಕ್ಷರ ಬರೆಯದೆ ಅವರು ಲೆಕ್ಕ ಮುಗಿಸುವುದನ್ನು ಕಂಡು ಬೆರಗಾದ. ೧೭೬೫ರ ಆಗಸ್ಟ್ ೩೦ರ ಚಂದ್ರಗ್ರಹಣದ ಅವಧಿಯನ್ನು ಆ ರೀತಿಯಲ್ಲಿ ಗುಣಿಸಿದರೆ ೪೧ ಸೆಕೆಂಡು ಕಡಮೆ ಬಂದಿತು. ಯೂರೋಪಿನಲ್ಲಿ ಶ್ರೇಷ್ಠವೆನಿಸಿದ್ದ ಟೋಬಿಯಾಸ್ ಮೇಯರನ ಕೋಷ್ಟಕದಂತೆ ಗುಣಿಸಿದರೆ ೬೮ ಸೆಕೆಂಡು ಹೆಚ್ಚು ಬಂದಿತು. ಸೂರ್ಯನನ್ನು ಅಳೆಯುವ ಕೂಟಕ್ಕೆ ಈ ಕವಡೆಯ ಪಂಡಿತರನ್ನು ಯಾರೂ ಕರೆದಿರಲಿಲ್ಲ. ರಾಷ್ಟ್ರಗಳ ಸಹಕಾರವೆಂದು ನಾವು ಹೊಗಳುವಾಗ, ಆ ಪಂಕ್ತಿಯಲ್ಲಿ ಯಾರಿಗೆ ಎಲೆ ಹಾಕಿತ್ತು, ಯಾರಿಗೆ ಹಾಕಿರಲಿಲ್ಲ ಎಂಬುದನ್ನೂ ನೋಡಬೇಕು.

ಅಷ್ಟೇ ಅಲ್ಲ, ಕೂಟದಲ್ಲಿ ಇದ್ದವರೂ ಶುದ್ಧ ಜ್ಞಾನಕ್ಕಾಗಿ ಮಾತ್ರ ಬಂದವರಲ್ಲ. ಇಂಗ್ಲೆಂಡಿನ ದೊರೆ ೪೦೦೦ ಪೌಂಡು ಕೊಟ್ಟು ಹೊರಡಿಸಿದ ಕುಕ್ಕನ ಯಾತ್ರೆಗೆ ಇನ್ನೊಂದು ಮೊಹರು ಮಾಡಿದ ಅಪ್ಪಣೆಯೂ ಇತ್ತು: ಸಂಕ್ರಮಣ ಮುಗಿದ ಮೇಲೆ ದಕ್ಷಿಣದ ಖಂಡವನ್ನು ಹುಡುಕಬೇಕೆಂದು. ೧೭೭೦ರಲ್ಲಿ ಆಸ್ಟ್ರೇಲಿಯದ ಪೂರ್ವತೀರವನ್ನು ಆತ ತನ್ನ ದೊರೆಯ ಹೆಸರಿಗೆ ಬರೆದುಕೊಂಡ. ಆ ನೆಲದಲ್ಲಿ ಮೊದಲಿಂದ ಬಾಳಿದ್ದವರಿಗೆ ಸೂರ್ಯನ ದೂರದ ಬೆಲೆ ಬಹಳ ದುಬಾರಿಯಾಯಿತು.

ಎರಡನೆಯ ಸಂಕ್ರಮಣದ ಅಂಕಿಗಳು ಹೆಚ್ಚು ಹೊಂದಿಕೊಂಡವು. ೧೭೭೧ರಲ್ಲಿ ಆಕ್ಸ್‌ಫರ್ಡಿನ ತಾಮಸ್ ಹಾರ್ನ್ಸ್‌ಬಿ ಅವುಗಳನ್ನು ಕೂಡಿಸಿ ಗುಣಿಸಿ, ಸೂರ್ಯನ ದೂರ ೯,೩೭,೨೬,೯೦೦ ಮೈಲಿ ಎಂದ. ಇಂದು ನಾವು ಒಪ್ಪಿರುವ ದೂರ ಸುಮಾರು ೯,೨೯,೫೬,೦೦೦ ಮೈಲಿ. ಎರಡಕ್ಕೂ ನೂರಕ್ಕೆ ಒಂದರಷ್ಟೂ ವ್ಯತ್ಯಾಸವಿಲ್ಲ. ತೂಗುವ ಹಡಗು, ಮರದ ಗೂಡು, ಲೋಲಕದ ಗಡಿಯಾರ ಇವುಗಳಿಂದ ಸಾಧಿಸಿದ ಅಳತೆ ಇದು. ಆ ಮೊತ್ತದಲ್ಲಿ ವಾರ್ಡೊದ ಪಾದ್ರಿಯದೂ, ಕ್ಯಾಲಿಫೋರ್ನಿಯದಲ್ಲಿ ಸತ್ತ ಫ್ರೆಂಚನದೂ, ತಹೀತಿಯ ನಾವಿಕನದೂ ಪಾಲುಂಟು. ಒಂದನ್ನು ತೆಗೆದರೆ ಮೊತ್ತ ಸಡಿಲವಾಗುತ್ತದೆ.

ಇಂಥ ಕೆಲಸಕ್ಕೆ ಬೇಕಾದ ನಂಬಿಕೆ ಎಷ್ಟು ನಾಜೂಕೆಂಬುದನ್ನು ಹೆಲ್ಲನ ಗತಿಯಲ್ಲಿ ಕಾಣಬಹುದು. ತನ್ನ ಅಂಕಿಗಳನ್ನು ಆತ ತಡಮಾಡಿ ಪ್ರಕಟಿಸಿದ. ಇತರರ ಅಂಕಿಗಳನ್ನು ನೋಡಿಕೊಂಡು ತಿದ್ದಿದನೆಂಬ ಗುಸುಗುಸು ಹುಟ್ಟಿತು. ೧೮೩೫ರಲ್ಲಿ ವಿಯೆನ್ನದ ಲಿಟ್ರೋ ಎಂಬಾತ ಹಸ್ತಪ್ರತಿಯನ್ನು ಪರೀಕ್ಷಿಸಿ, ತಿದ್ದಿದ ಮಸಿಯ ಬಣ್ಣವೇ ಬೇರೆಯೆಂದು ಬರೆದ. ಸತ್ತು ನಾಲ್ಕು ದಶಕಗಳಾಗಿದ್ದ ಹೆಲ್ ಕಳ್ಳನೆನಿಸಿಕೊಂಡ. ೧೮೮೩ರಲ್ಲಿ ಅಮೆರಿಕದ ಸೈಮನ್ ನ್ಯೂಕೋಂಬ್ ವಿಯೆನ್ನಕ್ಕೆ ಹೋಗಿ ಅದೇ ಪುಟಗಳನ್ನು ಕಣ್ಣಾರೆ ನೋಡಿದ. ತಿದ್ದುಪಡಿಗಳು ಆ ಹೊತ್ತಿನವೇ ಆಗಿದ್ದವು. ವಿಚಾರಿಸಿದರೆ, ಲಿಟ್ರೋವಿಗೆ ಬಣ್ಣಗಳ ಭೇದ ತಿಳಿಯದ ಕಣ್ಣಿನ ದೋಷವಿತ್ತು! ಆಸ್ಟ್ರಿಯದ ಪಾದ್ರಿಯ ಮಾನವನ್ನು ಅಟ್ಲಾಂಟಿಕ್ಕಿನ ಆಚೆಯಿಂದ ಬಂದವನು ಉಳಿಸಿದ. ಅದೇ ನ್ಯೂಕೋಂಬ್ ಮುಂದೆ ಹದಿನೆಂಟನೆಯ ಶತಮಾನದ ಆ ಹಳೆಯ ಅಂಕಿಗಳನ್ನೇ ಮತ್ತೆ ಗುಣಿಸಿ, ಇಂದಿನ ಬೆಲೆಗೆ ಇನ್ನೂ ಹತ್ತಿರ ಬಂದ.

ಮುಂದಿನ ಸಂಕ್ರಮಣ ೧೮೭೪ರ ಡಿಸೆಂಬರ್ ೯ರಂದು ಬಂದಾಗ ಅದು ನಮ್ಮ ದೇಶದಲ್ಲಿ ಚೆನ್ನಾಗಿ ಕಾಣುವಂತಿತ್ತು. ಇಟಲಿಯ ತಂಡವೊಂದು ಬಂಗಾಳಕ್ಕೆ ಬಂತು. ಮದರಾಸು ವೇಧಶಾಲೆಯಲ್ಲಿ ಕೆಲಸದಲ್ಲಿದ್ದ ಚಿಂತಾಮಣಿ ರಘುನಾಥಾಚಾರ್ಯರು, ಈ ಸಂಗತಿ ನಮ್ಮ ಜನಕ್ಕೆ ತಿಳಿಯಲೆಂದು ಒಂದು ಪುಸ್ತಿಕೆ ಬರೆದರು. ಇಂಗ್ಲಿಷಿನಲ್ಲಿ ಮಾತ್ರವಲ್ಲದೆ ದೇಶಭಾಷೆಗಳಲ್ಲಿಯೂ ಅದು ಹೊರಬಂತು. ಅವುಗಳಲ್ಲಿ ಕನ್ನಡವೂ ಒಂದು. ನೂರೈದು ವರ್ಷದ ಹಿಂದೆ ಪಂಕ್ತಿಯ ಹೊರಗೆ ನಿಂತಿದ್ದವರ ಕಡೆಯವರೊಬ್ಬರು ಈಗ ಎಲೆಯ ಮುಂದೆ ಕುಳಿತು, ತಮ್ಮವರನ್ನೂ ಕೈಹಿಡಿದು ಕರೆದರು.

ರಹದಾರಿಯ ಪದ್ಧತಿಯೂ ಸತ್ತುಹೋಗಲಿಲ್ಲ. ೧೭೭೯ರ ಮಾರ್ಚಿಯಲ್ಲಿ, ಅಮೆರಿಕದ ವಸಾಹತುಗಳು ಇಂಗ್ಲೆಂಡಿನೊಡನೆ ಹೋರಾಡುತ್ತಿದ್ದಾಗ, ಬೆಂಜಮಿನ್ ಫ್ರಾಂಕ್ಲಿನ್ ತನ್ನ ಕಡೆಯ ನಾವಿಕರಿಗೆಲ್ಲ ಕಾಗದ ಬರೆದು, ಕುಕ್ಕನ ಹಡಗು ಎದುರಾದರೆ ಅದನ್ನು ಶತ್ರುವಿನದೆಂದು ಹಿಡಿಯಬೇಡಿರಿ, ನೆರವು ನೀಡಿರಿ ಎಂದ. ಕುಕ್ ಅದಕ್ಕೆ ಒಂದು ತಿಂಗಳ ಮುಂಚೆಯೇ ಹವಾಯಿಯಲ್ಲಿ ಹತನಾಗಿದ್ದ, ಸುದ್ದಿ ಬಂದಿರಲಿಲ್ಲ. ಅದರಿಂದ ಆ ಕಾಗದದ ಗೌರವಕ್ಕೆ ಕುಂದಿಲ್ಲ. ೧೯೫೭-೫೮ರಲ್ಲಿ, ಅಮೆರಿಕ ರಷ್ಯಗಳು ಅಣುಬಾಂಬುಗಳನ್ನು ಹಿಡಿದು ಎದುರುಬದುರು ನಿಂತಿದ್ದಾಗ, ೬೭ ದೇಶಗಳು ಅಂತರರಾಷ್ಟ್ರೀಯ ಭೂಭೌತ ವರ್ಷವೆಂದು ಕೂಡಿ ಭೂಮಿಯನ್ನು ಅಳೆದದ್ದು ಇದೇ ವಂಶದ ಕುಡಿ.

ದೇಶದೇಶಗಳು ಮೊದಲು ಸ್ನೇಹಿತರಾಗಲಿ, ಆಮೇಲೆ ವಿದ್ಯೆಯ ಕೆಲಸದಲ್ಲಿ ಕೂಡಲಿ ಎಂದು ಕಾಯುವವರಿದ್ದಾರೆ. ಹ್ಯಾಲಿಯ ಮಾತನ್ನು ನಡೆಸಿದವರು ಹಾಗೆ ಕಾಯಲಿಲ್ಲ. ಕಾದಿದ್ದರೆ ಶುಕ್ರ ದಾಟಿಹೋಗುತ್ತಿದ್ದ. ಅವರಲ್ಲಿ ಇದ್ದದ್ದು ಸ್ನೇಹಕ್ಕಿಂತ ಸಣ್ಣದು, ಆದರೆ ಗಟ್ಟಿಯಾದದ್ದು: ಎಲ್ಲರೂ ಒಪ್ಪಿದ ಒಂದು ಪ್ರಶ್ನೆ, ಒಪ್ಪಿದ ಒಂದು ಅಳತೆಯ ಕ್ರಮ, ಮತ್ತು ಎದುರಾಳಿ ಬರೆದ ಅಂಕಿಯನ್ನು ಪರೀಕ್ಷಿಸಿ ನಂಬುವ ಮನಸ್ಸು. ಅವರ ದೊರೆಗಳು ಗೆದ್ದ ಕೋಟೆಗಳೆಲ್ಲ ಕೈಬದಲಾಗಿವೆ. ಪುದುಚೇರಿಯೇ ಎಷ್ಟು ಸಲ ಬದಲಾಯಿತು! ಅವರು ಕೂಡಿಸಿದ ಮೊತ್ತ ಉಳಿದಿದೆ. ನಮ್ಮ ಕಾಲದಲ್ಲಿ ೨೦೦೪ರಲ್ಲಿ, ೨೦೧೨ರಲ್ಲಿ ಶುಕ್ರ ಮತ್ತೆ ಎರಡು ಸಲ ಸೂರ್ಯನನ್ನು ದಾಟಿ ಹೋದ. ಇನ್ನು ಬರುವುದು ೨೧೧೭ರ ಡಿಸೆಂಬರಿನಲ್ಲಿ. ಅಂದು ಯಾರು ಯಾರ ಮೇಲೆ ಕತ್ತಿ ಹಿರಿದಿರುತ್ತಾರೋ ಯಾರು ಬಲ್ಲರು? ನೋಡುವವರಂತೂ ಎಲ್ಲ ಕಡೆಯಲ್ಲೂ ಇರುತ್ತಾರೆ.